ಡಿಎಕ್ಸ್7 ಬ್ಯಾಟರಿ ತೆಗೆಯುವ ಮೊದಲು ಫೈಲ್ ಎಷ್ಟು ಬೈಟ್ ಇದೆ ನೋಡಿ

ಹಳೆಯ ಸಿಂಥಸೈಜರ್ ಕಂಪ್ಯೂಟರಿಗೆ ಜೋಡಿಸಲು ಹೊರಟವರು ಇದನ್ನೊಮ್ಮೆ ಓದಿ. ಒಳಗಿನ ಬ್ಯಾಟರಿ ಬದಲಿಸುವ ಯೋಚನೆಯೂ ಇದ್ದರೆ ಪೂರ್ತಿ ಓದಿ. 350 ರೂಪಾಯಿಯ ಒಂದು ಕೇಬಲನ್ನು ನಂಬಿ ನಾನು ದೊಡ್ಡಪ್ಪನ 15 ಟೋನ್, ಅಂದರೆ ಅವರು ಸಿಂಥ್‌ನಲ್ಲಿ ತಾವೇ ಮಾಡಿಟ್ಟ 15 ಧ್ವನಿ, ಕಳೆದೆ. ಕೇಬಲ್ ಮೇಲೆ ಸಿಟ್ಟಿದೆ, ಆದರೆ ಅರ್ಧ ತಪ್ಪು ನನ್ನದೇ.

ಸಿಂಥ್ ಯಮಹಾ ಡಿಎಕ್ಸ್7. 1983ರಲ್ಲಿ ಬಂದ ಮಾಡೆಲ್, ವಾದ್ಯವೂ ಕಂಪ್ಯೂಟರೂ ಒಂದಕ್ಕೊಂದು ಮಾತಾಡಲು ಇರುವ ಮಿಡಿ ಎನ್ನುವ ವ್ಯವಸ್ಥೆ ಜನರ ಕೈಗೆ ಬಂದದ್ದೂ ಅದೇ ವರ್ಷ. ದೊಡ್ಡಪ್ಪ ಶಾರ್ಜಾದಲ್ಲಿದ್ದಾಗ ಯಾರಿಂದಲೋ ಕೊಂಡು ರಜೆಯಲ್ಲಿ ಊರಿಗೆ ತಂದದ್ದು. ಬೇರೆಯವರು ಟೇಪ್ ರೆಕಾರ್ಡರ್, ಟಾರ್ಚು, ಅತ್ತರು ತಂದರೆ ಇವರು 14 ಕಿಲೋ ತೂಕದ ಈ ಹಲಗೆ ಹೊತ್ತು ತಂದರು ಅಂತ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು. ಆಮೇಲೆ ಹತ್ತಿಪ್ಪತ್ತು ವರ್ಷ ಅದು ಕುಂಬಳೆಯಿಂದ ಮುಳ್ಳೇರಿಯದವರೆಗೆ ಜಾತ್ರೆಯ ಗಾನಮೇಳಗಳಲ್ಲಿ ಬಾರಿಸಿಕೊಂಡಿತು. ನಮ್ಮ ಕಡೆಯ ಗಾನಮೇಳ ಗೊತ್ತಲ್ವಾ, ಒಂದು ಮಲಯಾಳ ಹಾಡು, ಒಂದು ಕನ್ನಡ, ಒಂದು ತುಳು, ನಡುವೆ ಯಾರೋ ಚೀಟಿ ಕಳಿಸಿದರೆ ಒಂದು ಹಿಂದಿ. ಒಂದೇ ಕೀಬೋರ್ಡಿನಲ್ಲಿ ಎಲ್ಲ ಆಗಬೇಕು. ಹಾಗಾಗಿ ದೊಡ್ಡಪ್ಪ ಕಂಪನಿಯ ಟೋನ್‌ಗಳನ್ನು ಒಂದೊಂದಾಗಿ ತೆಗೆದು ತನ್ನವನ್ನೇ ಮಾಡಿ ತುಂಬಿದ್ದರು. ಹಾರ್ಮೋನಿಯಂ ಮೂರು ಬಗೆ. ಓಲಗ ಎರಡು ಬಗೆ. ಒಂದು ಗಂಟೆಯ ಟೋನ್‌ಗೆ ಇಂಗ್ಲಿಷ್ ಅಕ್ಷರದಲ್ಲಿ ‘ಮಧೂರ್ ಬೆಲ್’ ಅಂತ ಹೆಸರು. ಡಿಎಕ್ಸ್7ನಲ್ಲಿ ಹೆಸರಿಗೆ ಹತ್ತೇ ಅಕ್ಷರ ಹಿಡಿಯುವುದರಿಂದ ಬೆಲ್‌ಗೆ ಕೊನೆಯ ಒಂದು ಎಲ್ ಸಿಗಲಿಲ್ಲ.

ಈಗ ಅವರಿಗೆ ವಯಸ್ಸಾಗಿದೆ, ಕಣ್ಣು ಮಂಜು. ಕಳೆದ ಮಳೆಗಾಲದಲ್ಲಿ ಅಟ್ಟದಿಂದ ಇಳಿಸಿ ನನಗೆ ಕೊಟ್ಟರು. ಆನ್ ಮಾಡಿದರೆ ಬ್ಯಾಟರಿ ಬದಲಿಸು ಎಂಬ ಇಂಗ್ಲಿಷ್ ಸಾಲು ಡಿಸ್‌ಪ್ಲೇಯಲ್ಲಿ ಬಂತು. ಟೋನ್ ಎಲ್ಲ ಇದ್ದವು. ಮಧೂರ್ ಬೆಲ್ ಒತ್ತಿ ಒಂದು ಸ್ವರ ಹಿಡಿದೆ, ಒಳಗಿನಿಂದ ದೊಡ್ಡಮ್ಮ ‘ಓ, ಅದು ಇನ್ನೂ ಇದೆಯಾ’ ಅಂದರು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಸಿಂಥ್‌ನ 32 ಟೋನ್ ಇರುವ ಮೆಮೊರಿ ಕರೆಂಟು ಹೋದರೆ ಅಳಿಯುವ ಜಾತಿಯದ್ದು. ಬೋರ್ಡಿಗೆ ಬೆಸುಗೆ ಹಾಕಿದ ಸಿಆರ್2032 ಎಂಬ ನಾಣ್ಯದ ಗಾತ್ರದ ಬ್ಯಾಟರಿ ಅದನ್ನು ಹಿಡಿದಿಟ್ಟಿರುತ್ತದೆ. ಬ್ಯಾಟರಿ ತೆಗೆದಿರೋ, ಟೋನ್ ಹೋಯಿತು. ಹಾಗಾಗಿ ಮೊದಲು ಮಿಡಿ ಮೂಲಕ ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇಷ್ಟು ನನಗೂ ಗೊತ್ತಿತ್ತು. ನಾನು ಬ್ಯಾಕಪ್ ಮಾಡದೆ ಬ್ಯಾಟರಿ ತೆಗೆದ ಪೆದ್ದ ಅಲ್ಲ. ಬ್ಯಾಕಪ್ ಮಾಡಿಯೇ ತೆಗೆದ ಪೆದ್ದ.

ಕೇಬಲ್ ಆನ್‌ಲೈನ್‌ನಲ್ಲಿ ತರಿಸಿದ್ದು. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಐದು ಪಿನ್ನಿನ ಎರಡು ಪ್ಲಗ್, ನಡುವೆ ಮಿಣಿಮಿಣಿ ಲೈಟಿನ ಒಂದು ಡಬ್ಬಿ. ಹೆಸರಿಲ್ಲ, ಊರಿಲ್ಲ. ಪ್ಲಗ್ ಮೇಲೆ ಇನ್, ಔಟ್ ಅಂತ ಬರೆದಿರುತ್ತದೆ, ಆದರೆ ಅದು ಸಿಂಥ್‌ನ ಇನ್ ಗೆ ಹಾಕಬೇಕಾದದ್ದೋ, ಕಂಪ್ಯೂಟರಿನ ಇನ್ ಆಗಿರುವುದೋ ಎಂದು ಎಲ್ಲೂ ಬರೆದಿಲ್ಲ. ಒಂದು ಸಲ ತಿರುಗಿಸಿ ಹಾಕಿ ನೋಡಿದರೆ ಗೊತ್ತಾಗುತ್ತದೆ, ಏನೂ ಸುಡುವುದಿಲ್ಲ. ಅದಕ್ಕಿಂತ ಮೊದಲು ಮನೆಯಲ್ಲೇ ಇದ್ದ ಹಳೆಯ ಕ್ಯಾಸೆಟ್ ಡೆಕ್ಕಿನ ಐದು ಪಿನ್ ವಯರಿನಿಂದ ಕೆಲಸ ನಡೆಸಲು ಹೋಗಿ ಒಂದು ಭಾನುವಾರ ಹಾಳುಮಾಡಿದ್ದೆ. ನೋಡಲು ಅದೇ ಪ್ಲಗ್. ಆದರೆ ಮಿಡಿಗೆ 4ಕ್ಕೆ 4, 5ಕ್ಕೆ 5 ಪಿನ್ ಸೇರಬೇಕು, ಆಡಿಯೋ ವಯರಿನಲ್ಲಿ ಒಳಗಿನ ಜೋಡಣೆ ಬೇರೆ ಇರಬಹುದು.

ಹೊಸ ಕೇಬಲ್ ಹಾಕಿದ ಕೂಡಲೇ ನೋಟ್ ಬಂದವು. ಲ್ಯಾಪ್‌ಟಾಪಿನಲ್ಲಿ ಡೆಕ್ಸ್‌ಡ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಡಿಎಕ್ಸ್7ನ ನಕಲು. ದೊಡ್ಡಪ್ಪನ ಕೀಗಳಿಂದ ಅದನ್ನು ಬಾರಿಸಿದೆ. ನಾಲ್ಕು ದಿನ ರೆಕಾರ್ಡ್ ಮಾಡಿದೆ, ಒಂದು ನೋಟೂ ತಪ್ಪಲಿಲ್ಲ. ನನ್ನ ಲೆಕ್ಕದಲ್ಲಿ ಕೇಬಲ್ ಪಾಸು.

ಮೋಸ ಇರುವುದು ಇಲ್ಲೇ. ಮಿಡಿ ಓಡುವುದು ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ. ಒಂದು ಬೈಟಿಗೆ ಹಿಂದುಮುಂದಿನ ಗುರುತು ಸೇರಿ ಹತ್ತು ಬಿಟ್, ಅಂದರೆ ಸೆಕೆಂಡಿಗೆ 3,125 ಬೈಟ್. ಒಂದು ನೋಟ್ ಒತ್ತಿದರೆ ಹೋಗುವುದು ಮೂರೇ ಬೈಟ್, ಸುಮಾರು ಒಂದು ಮಿಲಿಸೆಕೆಂಡಿನ ಕೆಲಸ. ಎಷ್ಟು ಜೋರಾಗಿ ಬಾರಿಸಿದರೂ ನಡುನಡುವೆ ಬೇಕಾದಷ್ಟು ಬಿಡುವು ಇರುತ್ತದೆ. ಆದರೆ 32 ಟೋನ್ ಒಟ್ಟಿಗೆ ಕಳಿಸುವ ಬಲ್ಕ್ ಡಂಪ್ ಇದೆಯಲ್ಲ, ಅದು ಒಂದೇ ಉಸಿರಿನಲ್ಲಿ 4,104 ಬೈಟ್. 1.3 ಸೆಕೆಂಡು ಎಲ್ಲೂ ನಿಲ್ಲದೆ ಬರುತ್ತದೆ. ಅಗ್ಗದ ಡಬ್ಬಿಯೊಳಗಿನ ಚಿಪ್‌ಗೆ ಹಿಡಿದಿಟ್ಟುಕೊಳ್ಳಲು ಜಾಗ ತೀರಾ ಕಡಿಮೆ, ತುಂಬಿದರೆ ಸುಮ್ನೆ ಚೆಲ್ಲುತ್ತದೆ. ಎರರ್ ಇಲ್ಲ, ಸದ್ದಿಲ್ಲ. ಲೈಟ್ ಮಾತ್ರ ಚೆನ್ನಾಗಿ ಮಿನುಗುತ್ತದೆ.

ನಾನು ಮಾಡಿದ್ದು ಇಷ್ಟು. ಫಂಕ್ಷನ್ ಬಟನ್ ಒತ್ತಿ, 8ನೇ ಬಟನ್ ಮತ್ತೆ ಮತ್ತೆ ಒತ್ತಿ ಸಿಸ್ ಇನ್ಫೊ ಎಂಬುದನ್ನು ಅವೈಲ್ ಮಾಡಿದೆ (ಅಂದರೆ ಟೋನ್‌ಗಳನ್ನು ಮಿಡಿಯಲ್ಲಿ ಕಳಿಸಲು ಒಪ್ಪಿಗೆ), ಇನ್ನೊಮ್ಮೆ ಒತ್ತಿದಾಗ ಕಳಿಸಲೇ ಅಂತ ಕೇಳಿತು, ಎಸ್ ಒತ್ತಿದೆ. ಲ್ಯಾಪ್‌ಟಾಪಿನಲ್ಲಿ ಮಿಡಿಯಲ್ಲಿ ಬಂದದ್ದನ್ನು ಹಿಡಿದು ಸೇವ್ ಮಾಡುವ ಮಿಡಿ-ಆಕ್ಸ್ ಎಂಬ ಸಾಫ್ಟ್‌ವೇರ್ ತೆರೆದಿತ್ತು. ಪರದೆ ತುಂಬ ಅಂಕಿಗಳು ಸುರಿದವು. ಎಷ್ಟು ಖುಷಿ ಅಂದರೆ, ಸೇವ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಂದು, ಮೇಲ್‌ನಲ್ಲಿ ಒಂದು ಕಾಪಿ ಇಟ್ಟುಕೊಂಡೆ. ಎಂಥಾ ಜಾಗ್ರತೆ ನೋಡಿ ಮಾರಾಯ್ರೆ! ಮೂರು ಕಡೆ ಇಟ್ಟೆ, ಒಂದು ಕಡೆಯೂ ತೆರೆದು ನೋಡಲಿಲ್ಲ. ಎಷ್ಟು ಬೈಟ್ ಬಂತು ಅಂತ ಆ ಕಿಟಕಿಯಲ್ಲೇ ತೋರಿಸುತ್ತಿತ್ತು.

ಆಮೇಲೆ ಕಾಸರಗೋಡು ಪೇಟೆಯಲ್ಲಿ ಟಿವಿ ರಿಪೇರಿ ಮಾಡುವ ಒಬ್ಬರ ಹತ್ತಿರ ಕೊಂಡುಹೋದೆ. ಅವರು ಒಳ್ಳೆಯ ಕೆಲಸಗಾರ, ಅವರ ಮೇಲೆ ದೂರಿಲ್ಲ. ಹಳೆಯ ಬ್ಯಾಟರಿ ತೆಗೆದು, ಮುಂದಿನ ಸಲ ಬೆಸುಗೆ ಬೇಡ ಅಂತ ಒಂದು ಹೋಲ್ಡರ್ ಕೂರಿಸಿ ಹೊಸದು ಹಾಕಿದರು. ಟೋನ್ ಹೋಗುತ್ತದಲ್ಲ ಅಂತ ಅವರೇ ಕೇಳಿದ್ದರು. ‘ಕಾಪಿ ಉಂಡು’ (ಕಾಪಿ ಇದೆ) ಅಂದೆ. ‘ಎನ್ನಾಲ್ ಎಲ್ಲಾಂ ಶರಿಯಾಗುಂ’ (ಹಾಗಾದರೆ ಎಲ್ಲ ಸರಿಯಾಗುತ್ತದೆ) ಅಂದರು.

ಮನೆಗೆ ಬಂದು ಆನ್ ಮಾಡಿದರೆ ಹೆಸರಿನ ಜಾಗದಲ್ಲಿ ಕಸ. ಅದು ನಿರೀಕ್ಷೆ ಇದ್ದದ್ದೇ. ಫೈಲ್ ವಾಪಸು ಕಳಿಸಿದೆ. ಡಿಸ್‌ಪ್ಲೇ ಸುಮ್ಮನೆ ನಿಂತಿತು. ಮೆಮೊರಿಗೆ ಹೊಸದನ್ನು ಬರೆಯದಂತೆ ತಡೆಯುವ ಮೆಮೊರಿ ಪ್ರೊಟೆಕ್ಟ್ ಆನ್ ಇರಬೇಕು ಅಂತ ಅದನ್ನು ಆಫ್ ಮಾಡಿ ಪುನಃ ಕಳಿಸಿದೆ. ಇಲ್ಲ. ಬೇರೆ ಯುಎಸ್‌ಬಿ ಪೋರ್ಟ್. ಇಲ್ಲ. ರಾತ್ರಿ ಹನ್ನೊಂದಕ್ಕೆ, ಹೊರಗೆ ತುಲಾ ತಿಂಗಳ ಗುಡುಗು ಶುರುವಾಗಿತ್ತು, ಆಗ ಮೊದಲ ಬಾರಿಗೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಗಾತ್ರ ನೋಡಿದೆ. 3,612 ಬೈಟ್. ಇರಬೇಕಾದದ್ದು 4,104.

492 ಬೈಟ್ ಹೋಗಿದೆ. ಬ್ಯಾಟರಿ ಬದಲಾಗಿದೆ. ಮೂಲ ಎಲ್ಲೂ ಇಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ, ಅದರ ವರ್ಣನೆ ಬೇಡ. ಮರುದಿನದಿಂದ ಕೂತು ಮಾಡಿದ್ದನ್ನು ಹೇಳುತ್ತೇನೆ, ನನ್ನ ಹಾಗೆ ಅರ್ಧ ಫೈಲ್ ಇಟ್ಟುಕೊಂಡು ಕೂತವರಿಗೆ ಉಪಯೋಗ ಆದೀತು. ಫೈಲನ್ನು ಹೆಕ್ಸ್ ಎಡಿಟರಿನಲ್ಲಿ, ಅಂದರೆ ಒಂದೊಂದು ಬೈಟನ್ನೂ ಬಿಡಿಸಿ ತೋರಿಸುವ ಸಾಫ್ಟ್‌ವೇರಿನಲ್ಲಿ, ತೆರೆಯಿರಿ. ಮೊದಲ ಆರು ಬೈಟ್ ತಲೆಬರಹ, ಅದರಲ್ಲಿ ಎರಡನೆಯದು 43, ಅದು ಯಮಹಾದ ಗುರುತು. ಆಮೇಲೆ ಒಂದೊಂದು ಟೋನ್‌ಗೆ ಸರಿಯಾಗಿ 128 ಬೈಟ್. ಪ್ರತಿ 128ರ ಕೊನೆಯ ಹತ್ತು ಬೈಟ್ ಟೋನಿನ ಹೆಸರು, ಮಾಮೂಲಿ ಅಕ್ಷರದಲ್ಲೇ ಓದಲು ಸಿಗುತ್ತದೆ. ಎಲ್ಲ ಮುಗಿದ ಮೇಲೆ ಡೇಟಾ ಸರಿ ಇದೆಯಾ ಅಂತ ತಾಳೆ ನೋಡುವ ಒಂದು ಚೆಕ್‌ಸಮ್ ಬೈಟ್, ಒಂದು ಮುಕ್ತಾಯದ ಬೈಟ್. ನನ್ನ ಫೈಲಿನಲ್ಲಿ ಮೊದಲ 11 ಹೆಸರು ಸರಿಯಾಗಿ ತಮ್ಮ ಜಾಗದಲ್ಲಿದ್ದವು. ಮಧೂರ್ ಬೆಲ್ ನಾಲ್ಕನೆಯದು, ಬದುಕಿತು. ಹನ್ನೆರಡನೆಯದರ ಹೊಟ್ಟೆಯಲ್ಲಿ ಮೂವತ್ತು ಚಿಲ್ಲರೆ ಬೈಟ್ ಮಾಯ, ಅಲ್ಲಿಂದ ಮುಂದೆ ಎಲ್ಲ ಜಾರಿ ಕೂತಿವೆ. ಜಾರಿದರೂ ಹೆಸರು ಕಣ್ಣಿಗೆ ಕಾಣುತ್ತದಲ್ವಾ, ಒಂದು ಹೆಸರು ಮುಗಿಯುವಲ್ಲಿಂದ ಮುಂದಿನ ಹೆಸರು ಮುಗಿಯುವಲ್ಲಿಯವರೆಗೆ ಎಣಿಸಿ ಸರಿಯಾಗಿ 128 ಇದ್ದರೆ ಆ ಟೋನ್ ಇಡಿಯಾಗಿದೆ ಅಂತ ಅರ್ಥ, ಅದನ್ನು ಕತ್ತರಿಸಿ ಹೊಸ ಫೈಲಿಗೆ ಅಂಟಿಸಬಹುದು. ಹಾಗೆ ಇನ್ನೂ ಆರು ಸಿಕ್ಕವು. ಒಟ್ಟು 17. ಉಳಿದ 15ರಲ್ಲಿ ಎಲ್ಲೋ ಒಂದು ಕಡೆ ತೂತು. ಓಲಗ ಎರಡೂ ಹೋದವು. ‘ಓಲಗ 2’ ಎಂಬ ಹೆಸರು ಮಾತ್ರ ಚೆಂದಕ್ಕೆ ಇದೆ, ಅದರ ಹಿಂದೆ 128ರ ಬದಲು 91 ಬೈಟ್.

ಆಮೇಲೆ ಗೊತ್ತಾದ ಇನ್ನೊಂದು ಸಂಗತಿ ಹೆಚ್ಚು ಉರಿಸಿತು. ಸಿಸ್ ಇನ್ಫೊ ಅವೈಲ್ ಇದ್ದಾಗ ಈ ಸಿಂಥ್‌ನಲ್ಲಿ ಟೋನ್ ಬಟನ್ ಒತ್ತಿದರೆ ಆ ಒಂದು ಟೋನಿನ ಡಂಪ್ ತಾನಾಗಿಯೇ ಹೊರಗೆ ಹೋಗುತ್ತದೆ. ಬರೀ 163 ಬೈಟ್. ಹೊಸ ಟೋನ್‌ಗಳ ಮೇಲೆ ಪರೀಕ್ಷಿಸಿದೆ, ಆ ದರಿದ್ರ ಕೇಬಲ್ ಕೂಡ ಅಷ್ಟನ್ನು ಹೆಚ್ಚಿನ ಸಲ ಸರಿಯಾಗಿ ದಾಟಿಸಿತು. ಅಂದರೆ 32 ಬಟನ್ ಒಂದೊಂದಾಗಿ ಒತ್ತಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ.

ಸಿಟ್ಟಿಗೆ ಡಬ್ಬಿ ಒಡೆದು ನೋಡಿದೆ. ಮಿಡಿ ಇನ್ ಕಡೆ ಆಪ್ಟೊಕಪ್ಲರ್ ಎಂಬ ಪುಟ್ಟ ಚಿಪ್ ಇರಬೇಕು ಅಂತ ಮಿಡಿಯ ನಿಯಮ. ಸಿಂಥ್‌ನಿಂದ ಬಂದ ಕರೆಂಟು ಅದರೊಳಗೆ ಒಂದು ಎಲ್‌ಇಡಿ ಹೊತ್ತಿಸುತ್ತದೆ, ಆ ಬೆಳಕನ್ನು ನೋಡಿ ಈ ಕಡೆ ಇನ್ನೊಂದು ಸಂಕೇತ ಏಳುತ್ತದೆ. ನಡುವೆ ವಯರಿನ ಸಂಬಂಧವೇ ಇಲ್ಲ. ಎರಡು ಯಂತ್ರಗಳ ಗ್ರೌಂಡ್ ಸೇರಿ ಗುಂಯ್ ಅನ್ನದಿರಲು ಈ ಏರ್ಪಾಡು. ನನ್ನ ಡಬ್ಬಿಯಲ್ಲಿ ಅದರ ಜಾಗ ಖಾಲಿ, ಎರಡು ರೆಸಿಸ್ಟರ್ ಇಟ್ಟು ನೇರ ಜೋಡಿಸಿದ್ದಾರೆ. ಸ್ಪೀಕರಿನಲ್ಲಿ ಬರುತ್ತಿದ್ದ ಗುಂಯ್ ಶಬ್ದಕ್ಕೆ ಪಾಪ ನಾನು ಹಳೆಯ ಸಿಂಥನ್ನು ಬೈದಿದ್ದೆ.

ಮಂಗಳೂರಿನ ಗೆಳೆಯನೊಬ್ಬ ಐದು ಪಿನ್ ಮಿಡಿ ಇರುವ ತನ್ನ ಆಡಿಯೋ ಇಂಟರ್‌ಫೇಸ್ ಒಂದು ವಾರಕ್ಕೆ ಕೊಟ್ಟ. ಅದರಲ್ಲಿ ಹತ್ತು ಸಲ ಡಂಪ್ ತೆಗೆದೆ, ಹತ್ತೂ ಸಲ 4,104. ಅಂಥದ್ದು ಕೊಳ್ಳಲು ಆಗದಿದ್ದರೆ ರೋಲ್ಯಾಂಡಿನ ಯುಎಂ-ಒನ್ ಥರದ ಯುಎಸ್‌ಬಿ ಮಿಡಿ ಕೇಬಲ್ ಹಳೆಯದಾದರೂ ಸರಿ, ಹುಡುಕಿ. ಅದೂ ಸಿಗದಿದ್ದರೆ ಯಾರದ್ದಾದರೂ ಸಾಲ ಕೇಳಿ. ಜೀವಮಾನಕ್ಕೆ ಒಂದು ಸಲ 1.3 ಸೆಕೆಂಡಿನ ಕೆಲಸ ಅದು. ಮಿಡಿ-ಆಕ್ಸ್‌ನಲ್ಲಿ ಸಿಸ್‌ಎಕ್ಸ್ ಬಫರ್, ಅಂದರೆ ಇಂಥ ಡಂಪ್ ಹಿಡಿದಿಡುವ ಜಾಗ, ಜಾಸ್ತಿ ಇಟ್ಟುಕೊಳ್ಳಿ. ಫೈಲ್ ಬಂದ ಮೇಲೆ ಗಾತ್ರ ನೋಡಿ, ಡೆಕ್ಸ್‌ಡ್‌ನಲ್ಲಿ ತೆರೆದು 32 ಹೆಸರನ್ನೂ ಸಿಂಥ್‌ನ ಡಿಸ್‌ಪ್ಲೇ ಜೊತೆ ಹೋಲಿಸಿ, ಎರಡು ಸಲ ಡಂಪ್ ತೆಗೆದು ಎರಡು ಫೈಲೂ ಒಂದೇ ಇವೆಯಾ ನೋಡಿ. ಅಷ್ಟಾದ ಮೇಲೆ ಸ್ಕ್ರೂಡ್ರೈವರ್ ಮುಟ್ಟಿ.

ಇನ್ನೊಂದು, ಇದು ನನಗೆ ಆದದ್ದಲ್ಲ, ಆದರೆ ಹೇಳಿಬಿಡುತ್ತೇನೆ. ಜಪಾನಿನಿಂದ ನೇರ ಬಂದ ಹಳೆಯ ಸಿಂಥ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಗೋಡೆಗೆ ಚುಚ್ಚಬೇಡಿ. ಅವು 100 ವೋಲ್ಟಿನವು, ನಮ್ಮದು 230. ಹಿಂದಿನ ಲೇಬಲ್ ಓದಿ. ಗಲ್ಫ್‌ನಿಂದ ಬಂದವಕ್ಕೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ.

ದೊಡ್ಡಪ್ಪನಿಗೆ ಹೇಳಲು ಎರಡು ವಾರ ಹಿಡಿಯಿತು. ಬೈಯಲಿಲ್ಲ. ಓಲಗ ಹೋಯಿತಾ ಅಂತ ಒಂದೇ ಸಲ ಕೇಳಿದರು. ಮುಂದಿನ ಭಾನುವಾರ ಕುರ್ಚಿ ಎಳೆದು ಸಿಂಥ್ ಪಕ್ಕ ಕೂತರು. ಡಿಸ್‌ಪ್ಲೇ ಓದಲು ಆಗುವುದಿಲ್ಲ, ನಾನು ಓದಿ ಹೇಳಬೇಕು. 22ನೇ ಆಲ್ಗೊರಿದಮ್ ಹಾಕು ಅಂದರು. ಧ್ವನಿ ಹುಟ್ಟಿಸುವ ಆರು ಆಪರೇಟರ್‌ಗಳನ್ನು ಜೋಡಿಸುವ ಒಂದು ಬಗೆ ಅದು. ನೆನಪಿನಿಂದಲೇ. ಆರನೇ ಆಪರೇಟರ್ ಸ್ವಲ್ಪ ಇಳಿಸು, ಫೀಡ್‌ಬ್ಯಾಕ್ ಏರಿಸು, ಇನ್ನೂ ಏರಿಸು, ಇದು ಮದುವೆಯ ಓಲಗ ಆಯಿತು, ನನಗೆ ಬೇಕಾದದ್ದು ದೇವಸ್ಥಾನದ್ದು. ಈಗ ನಾಲ್ಕು ಭಾನುವಾರ ಆಯಿತು. ಇನ್ನೂ ಸಿಕ್ಕಿಲ್ಲ ಅನ್ನುತ್ತಾರೆ. ಪ್ರತಿ ಸಲ ಏಳುವ ಮೊದಲು ಆ ದಿನದ್ದನ್ನು ಸೇವ್ ಮಾಡಿಸುತ್ತಾರೆ, ಮಾಡಿ ಮುಗಿಸಿದೆ ಅಂದರೆ ನಂಬುವುದಿಲ್ಲ, ಎಷ್ಟು ಬೈಟ್ ಅಂತ ಕೇಳುತ್ತಾರೆ.