ಗನ್ ವೈಸ್: ತರಿಸಿದ ಪ್ಲಾಸ್ಟಿಕ್, ಕಾಕಾನ ಬೆಂಚ್ ವೈಸ್, ಬಡಿಗ್ಯಾರ ಕಟ್ಟಿಗಿ ಸ್ಟ್ಯಾಂಡು

ಗನ್ ವೈಸ್ ಅಂದ್ರ ಒರಸುವಾಗ, ಸ್ಕೋಪ್ (ಗುರಿ ನೋಡೂ ದುರ್ಬೀನು) ಕೂಡಿಸುವಾಗ ರೈಫಲ್ ಅಲಗ್ಯಾಡದಂಗ ಹಿಡಿಯೂ ಸ್ಟ್ಯಾಂಡು. ಮೊದಲ ಹೇಳಿಬಿಡ್ತೀನಿ, ನಾ ಕಟ್ಟಿಗಿ ಸ್ಟ್ಯಾಂಡಿನ ಕಡೆ. 6,200 ರೂಪಾಯಿ ಕೊಟ್ಟು ಆನ್‌ಲೈನ್ ತರಿಸಿದ ಪ್ಲಾಸ್ಟಿಕ್ ವೈಸ್ ಧಾರವಾಡದ ಮಾಳಮಡ್ಡಿ ಮನಿ ಅಟ್ಟದ ಮ್ಯಾಲ ಕುಂತೈತಿ, 750 ರೂಪಾಯಿಗೆ ಬಡಿಗ್ಯಾರು ಮಾಡಿಕೊಟ್ಟದ್ದು ಮೇಜಿನ ಮ್ಯಾಲ ಐತಿ.

ನಂದು 0.177 ಇಂಚಿನ ಸ್ಪ್ರಿಂಗ್ ಏರ್ ರೈಫಲ್, ಬ್ಯಾರಲ್ ಮಡಚಿ ಲೋಡ್ ಮಾಡೂದು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಗುಂಡಿನ ಜೋರು 20 ಜೌಲ್ ಒಳಗಿಂದು, ಲೈಸನ್ಸ್ ಬೇಕಿಲ್ಲ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದಿತೈತಿ ಮುಂದಕ್ಕೂ ಜಗ್ಗತೈತಿ, ಹಿಂಗಾಗಿ ಸ್ಕೋಪ್ ಮೆಲ್ಲಕ ಸರೀತಿತ್ತು, ತಿಂಗಳಿಗೊಮ್ಮೆ ಅದನ್ನ ಹಿಡಿದಿರೂ ರಿಂಗ್ ಬಿಚ್ಚಿ ಕಟ್ಟೂದು ನನಗ ಕಾಯಂ ಕೆಲಸ ಆಗಿತ್ತು.

ಪ್ಲಾಸ್ಟಿಕ್ ವೈಸ್ ನೋಡಾಕ ಭಾಳ ಚೆಂದ. ಎಣ್ಣಿ ಬಾಟ್ಲಿ ಇಡಾಕ ಖಾನೆ, ಸ್ಕ್ರೂ ಹಾಕಾಕ ಟ್ರೇ, ಎಲ್ಲಾ ಐತಿ. ಆದ್ರ ಹಿಂದಿನ ಕ್ಲಾಂಪ್ ಐತಲ್ಲ, ಅದರಾಗ ಒಂದ ದವಡಿ ಸರೀತೈತಿ, ಇನ್ನೊಂದು ನಿಂತಲ್ಲೇ ನಿಂತಿರತೈತಿ. ರೈಫಲ್ ಇಟ್ಟು, ಮ್ಯಾಲ ಸಣ್ಣ ಸ್ಪಿರಿಟ್ ಲೆವೆಲ್ ಇಟ್ಟು, ಗುಳ್ಳಿ ನಡುವ ತಂದು, ಆಮ್ಯಾಲ ನಾಬ್ ಬಿಗಿ ಮಾಡಿದ್ರ ರೈಫಲ್ ಕೂದಲೆಳಿಯಷ್ಟು ಎಡಕ್ಕ ವಾಲತೈತಿ. ಕಣ್ಣಿಗೆ ಕಾಣೂದಿಲ್ಲ. ನಾ ಲೆವೆಲ್ ತಗದಿಟ್ಟ ಮ್ಯಾಲ ಬಿಗಿ ಮಾಡ್ತಿದ್ದೆ, ತಿರುಗಿ ನೋಡ್ತಿದ್ದಿಲ್ಲ, ಅದ ನನ್ನ ದಡ್ಡತನ.

ಏನಾತು ಅಂದ್ರ ಸ್ಕೋಪ್ ನೆಟ್ಟಗ, ರೈಫಲ್ ವಾರೆ. 10 ಮೀಟರಿಗೆ ಝೀರೋ ಮಾಡಿದ್ರ, ಅಂದ್ರ ಸ್ಕೋಪಿನ ಗುರಿಗೆ ಗುಂಡು ಕೂಡಿಸಿದ್ರ, ಬರೋಬ್ಬರಿ ನಡುವ ಬೀಳತಿತ್ತು. 30 ಮೀಟರಿಗೆ ಹೋಗಿ ಸ್ಕೋಪಿನ ತಿರುಪು ತಿರುವಿ ಮ್ಯಾಲಕ್ಕ ಕ್ಲಿಕ್ ಕೊಟ್ರ ಗುಂಡು ಮ್ಯಾಲಷ್ಟ ಹೋಗೂದು ಬಿಟ್ಟು ಬಾಜೂಕೂ ಓಡತಿತ್ತು. ಎರಡು ರವಿವಾರ ಹಾಳು. ಪೆಲೆಟ್ (ಏರ್ ರೈಫಲ್ ಗುಂಡು) ಬದಲಿ ಮಾಡಿದೆ, ಗಾಳಿ ಅಂದೆ, ಸ್ಕೋಪ್ ಕೆಟ್ಟೈತಿ ಅಂತ ಅಂಗಡಿಯವಗ ಫೋನ್ ಮಾಡಿ ಜಗಳಾನೂ ತಗದೆ, ಅಂವಾ ಪಾಪ ಏನೂ ತಪ್ಪು ಮಾಡಿದ್ದಿಲ್ಲ.

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಫಿಟ್ಟರ್ ಇದ್ದ ನಮ್ಮ ಕಾಕಾ ಬಂದವ್ರ ಜಂತಿಗೆ ಗೌಂಡಿ ಒಳಂಬ ಕಟ್ಟಿದ್ರು. "ಆ ದಾರ ನೋಡು, ನಿನ್ನ ಸ್ಕೋಪಿನ ಪ್ಲಸ್ ಗೆರಿ ಅದಕ್ಕ ಕೂಡತೈತೇನು?" ಅಂದ್ರು. ಕೂಡತಿತ್ತು. "ಈಗ ರೈಫಲ್ ಮ್ಯಾಲ ಲೆವೆಲ್ ಇಡು" ಅಂದ್ರು. ಗುಳ್ಳಿ ಮೂಲಿಗೆ ಹೋಗಿ ಕುಂತು.

ಕಾಕಾ ತಮ್ಮ ನಾಕು ಇಂಚಿನ ಬೆಂಚ್ ವೈಸ್ (ಫಿಟ್ಟರಗೋಳ ಕಬ್ಬಿಣದ ಇಕ್ಕಳ) ಕೊಟ್ರು, ಪುಕ್ಕಟೆ. ದವಡಿಗೆ ಸೈಕಲ್ ಟ್ಯೂಬ್ ಸುತ್ತಿ ಹಿಡಿಸಿದೆ. ಹಿಡಿತ ಅಂದ್ರ ಹಿಡಿತ, ಅಲಗ್ಯಾಡೂದ ಇಲ್ಲ. ಆದ್ರ ಸ್ಟಾಕಿನ (ರೈಫಲಿನ ಕಟ್ಟಿಗಿ ಭಾಗದ) ಪಾಲಿಶ್ ಮ್ಯಾಲ ರಬ್ಬರಿನ ಕರೆ ಅಚ್ಚು ಕುಂತು, ಇನ್ನೂ ಹೋಗಿಲ್ಲ. ಮತ್ತ ಅಪ್ಪಿತಪ್ಪಿ ಸಿಲಿಂಡರ್ (ಗಾಳಿ ಒತ್ತೂ ಪಿಸ್ಟನ್ ಇರೂ ಕೊಳವಿ) ಹಿಡಿದು ಬಿಗಿ ಮಾಡಿದ್ರ ಮುಗೀತು, ಕೊಳವಿ ಒಂದೀಟು ನೆಗ್ಗಿದ್ರೂ ಒಳಗ ಪಿಸ್ಟನ್ ಸಿಗ್ತೈತಿ. ನನ್ನಂಥ ಅವಸರದವಗ ಅದು ಬ್ಯಾಡ.

ಕಡೀಕ ಬಡಿಗ್ಯಾರ ಕಡೆ ಹೋದೆ. ಸಾಗವಾನಿ ತುಂಡಿನ್ಯಾಗ ಎರಡು ಕಾಲು, ಒಳಗ ಹಳೆ ಕಂಬಳಿ ಅಂಟಿಸಿದ್ದು, ಹಿಂದ ಎರಡೂ ಕಡೆ ಬೆಣಿ, ಕೆಳಗ ಶಹಾಬಾದ್ ಕಲ್ಲಿನ ತುಂಡು. ಎರಡೂ ಬೆಣಿ ಸಮಾ ತಟ್ಟಿದ್ರ ರೈಫಲ್ ನೆಟ್ಟಗ ನಿಲ್ಲತೈತಿ. ಮುಂದಿನ ಕಾಲು ಅರ್ಧಾ ಇಂಚು ಗಿಡ್ಡ ಮಾಡಿಸೀನಿ, ಯಾಕಂದ್ರ ಬ್ಯಾರಲ್ ಒರಸುವಾಗ ಮೂತಿ ಕೆಳಗಿರಬೇಕು, ಇಲ್ಲಂದ್ರ ಎಣ್ಣಿ ಸಿಲಿಂಡರಿಗೆ ಇಳಿದು ಹೊಡದಾಗ ಹೊಗಿ, ಢಮ್ಮಂತ ಸಪ್ಳ. ಕಂಬಳಿ ಎಳಿ ಸ್ಕ್ರೂಕ ಸಿಗ್ತಾವು, ಅದೊಂದು ಕಿರಿಕಿರಿ. ಟ್ರೇ ಇಲ್ಲ, ಅದಕ್ಕ ಪೇಢೇದ ಡಬ್ಬಿ ಇಟ್ಟೀನಿ.

ಈಗ ಬೆಣಿ ತಟ್ಟಿದ ಮ್ಯಾಲ ಇನ್ನೊಮ್ಮೆ ಲೆವೆಲ್ ನೋಡ್ತೀನಿ, ಆಮ್ಯಾಲ ರಿಂಗ್ ಸ್ಕ್ರೂ ಮೂಲಿಯಿಂದ ಎದುರು ಮೂಲಿಗೆ ಒಂದೀಟೊಂದೀಟು, ಅಲೆನ್ ಕೀ ಗಿಡ್ಡ ತುದಿ ಹಿಡಿದು ಎರಡು ಬೆರಳಿನ ಜೋರಿಲೆ. ಹಿಂದಿನ ರಿಂಗಿಗೆ ಸರಿಯದಂಗ ತಡಿಯೂ ಸ್ಟಾಪ್ ಪಿನ್ನೂ ಹಾಕೀನಿ, ಆವಾಗಿಂದ ಸ್ಕೋಪ್ ಸರದಿಲ್ಲ. ಯಾವ ವೈಸಿಗಾದ್ರೂ ಇಡೂಕಿಂತ ಮೊದಲ ಬ್ಯಾರಲ್ ಮಡಚಿ ಖಾಲಿ ಐತೇನು ನೋಡ್ರಿ.

ನಾಕೈದು ರೈಫಲ್ ಇದ್ದು, ಬರೇ ಒರಸಿ ಎಣ್ಣಿ ಹಚ್ಚೂದಷ್ಟ ಇದ್ರ ಪ್ಲಾಸ್ಟಿಕ್ಕಿಂದ ಛಲೋ, ಸುಳ್ಳ ಯಾಕ ಹೇಳ್ಲಿ. ಯಾರಿಗರ ಬೇಕಿದ್ರ ಅರ್ಧಾ ರೇಟಿಗೆ ಕೊಡ್ತೀನಿ, ಡಬ್ಬಿನೂ ಐತಿ.