1974ರ ಡಾಟ್ಸನ್ 620 ಪಿಕಪ್: ಎಂಜಿನ್ ಆಮೇಲೆ, ಮೊದಲು ತಗಡು ನೋಡಿ

ಹಳೆಯ ಸಣ್ಣ ಪಿಕಪ್ ಕೊಂಡು ರಿಪೇರಿ ಮಾಡಿಸಿ ಓಡಿಸಬೇಕು ಅಂತ ಆಸೆ ಇರುವವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಾಟ್ಸನ್ 620 ತುಂಬಾ ಒಳ್ಳೆಯ ಗಾಡಿ. ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ, ಮತ್ತೆ ಜೋಡಿಸಬಹುದಾದ ಗಾಡಿ. ಆದರೆ ತುಕ್ಕು ತಿಂದ 620 ಯಾರಾದರೂ ಬಿಟ್ಟಿ ಕೊಟ್ಟರೂ ಬೇಡ ಅನ್ನಿ. ಎಂಜಿನ್ ಕೆಟ್ಟು ನಿಂತಿದ್ದರೂ ಪರವಾಗಿಲ್ಲ, ತಗಡು ಗಟ್ಟಿಯಾಗಿರಬೇಕು.

ನನ್ನ ಊರು ತಿಪಟೂರು. ಈಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ. ಮನೆ ಹಿಂದೆ ತರಕಾರಿ ತೋಟ ಇದೆ. ಗೊಬ್ಬರ, ಹಲಗೆ, ಮಣ್ಣು ತರಲು ಒಂದು ಗಾಡಿ ಬೇಕಿತ್ತು. ಕನ್ನಡ ಕೂಟದ ರಾಜ್ಯೋತ್ಸವ ಬಂದರೆ ಕೊಳಗ, ಒಲೆ, ವೇದಿಕೆಯ ಸಾಮಾನು ಸಾಗಿಸುವ ಕೆಲಸವೂ ಇರುತ್ತದೆ. ಹೊಸ ಪಿಕಪ್‌ಗಳನ್ನು ನೋಡಿ ಬಂದೆ. ಅವುಗಳ ಬೆಡ್ಡಿನ, ಅಂದರೆ ಹಿಂದೆ ಸಾಮಾನು ತುಂಬುವ ತೊಟ್ಟಿಯ, ಅಂಚು ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಪಕ್ಕದಲ್ಲಿ ನಿಂತು ಒಳಗಿನ ಒಂದು ಚೀಲ ಎತ್ತಲೂ ಆಗುವುದಿಲ್ಲ. 620ರಲ್ಲಿ ಆ ಅಂಚು ಸೊಂಟದ ಹತ್ತಿರ. ಕೈ ಚಾಚಿದರೆ ಬೆಡ್ಡಿನ ತಳ ಸಿಗುತ್ತದೆ. ಹಗ್ಗ ಕಟ್ಟಲು ಹೊರಗಡೆ ಕೊಕ್ಕೆಗಳಿವೆ. ಆಕಾರ ಚಿಕ್ಕದಾದರೂ ಕೆಲಸಕ್ಕೆ ಅಂತಲೇ ಮಾಡಿದ್ದು ಅಂತ ನೋಡಿದರೇ ತಿಳಿಯುತ್ತದೆ.

ಕರ್ನಾಟಕದಲ್ಲಿ ಡಾಟ್ಸನ್ ಅಂದರೆ 2014ರಲ್ಲಿ ಬಂದ ಗೋ ಕಾರು ನೆನಪಾಗಬಹುದು. ಆ ಹೆಸರು 2022ರಲ್ಲಿ ನಿಂತೂ ಹೋಯಿತು. ಅಮೆರಿಕದಲ್ಲಿ ಡಾಟ್ಸನ್ ಅಂದರೆ ಜನಕ್ಕೆ ಇವತ್ತಿಗೂ ಈ ಪಿಕಪ್ಪೇ. ನಿಸಾನ್ ಕಂಪನಿ ಡಾಟ್ಸನ್ ಹೆಸರಿನಲ್ಲಿ 521 ಅನ್ನುವ ಪಿಕಪ್ ಆದ ಮೇಲೆ ತಂದ ಮಾದರಿ ಇದು. 1972ರಿಂದ 1979ರವರೆಗೆ ಇಲ್ಲಿ ಮಾರಾಟವಾಯಿತು. ಆಮೇಲೆ ಬಂದದ್ದು 720. ವಿದೇಶಿ ಸಣ್ಣ ಟ್ರಕ್ಕುಗಳ ಮೇಲೆ ಆಗಲೇ ಶೇಕಡಾ 25 ಸುಂಕ ಇತ್ತು. ಯುರೋಪಿನವರು ಅಮೆರಿಕದ ಕೋಳಿಗೆ ತೆರಿಗೆ ಹಾಕಿದರು ಅಂತ 1964ರಿಂದ ಇವರು ಹಾಕಿದ ಸುಂಕ ಅದು, ಇನ್ನೂ ಇದೆ. ಆ ಕಾಲದಲ್ಲಿ ಜಪಾನಿನ ಕೆಲವು ಪಿಕಪ್‌ಗಳು ಬೆಡ್ ಇಲ್ಲದ ಚಾಸಿಯಾಗಿ ಹಡಗಿನಲ್ಲಿ ಬಂದು, ಇಲ್ಲಿ ಬೆಡ್ ಕೂರಿಸಿಕೊಂಡು ಸುಂಕ ಕಡಿಮೆ ಮಾಡಿಕೊಳ್ಳುತ್ತಿದ್ದವು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ಕ್ಯೂ ನಿಂತಾಗ, ಜನ ಇಂಥ ಸಣ್ಣ ಗಾಡಿಗಳ ಕಡೆ ತಿರುಗಿದರು.

ಯಾವ ವರ್ಷದ್ದು ಕೊಳ್ಳಬೇಕು? ಇದು ತುಂಬಾ ಮುಖ್ಯ. 1972, 73ರ ಗಾಡಿಗಳಲ್ಲಿ 1,595 ಸಿಸಿಯ ಎಲ್16 ಎಂಜಿನ್. 1974ರಲ್ಲಿ 1,770 ಸಿಸಿಯ ಎಲ್18. 1975ರಿಂದ 1,952 ಸಿಸಿಯ ಎಲ್20ಬಿ. ಕ್ಯಾಲಿಫೋರ್ನಿಯಾದಲ್ಲಿ 1975 ಅಥವಾ ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆ ಇಲ್ಲ. 1976ರಿಂದ ಈಚಿನದಕ್ಕೆ ಇದೆ. ಹಳೆಯ ಕಾಲದ ಹೊಗೆ ನಿಯಂತ್ರಣದ ಪಂಪು, ಪೈಪು ಎಲ್ಲ ಮೂಲದಲ್ಲಿ ಇದ್ದ ಹಾಗೆಯೇ ಇರಬೇಕು. ಅವು ಈಗ ಸಿಗುವುದೇ ಕಷ್ಟ. ಹಾಗಾಗಿ 1975ರ ಗಾಡಿ ಸಿಕ್ಕಿದರೆ ದೊಡ್ಡ ಎಂಜಿನ್ನೂ ಸಿಕ್ಕಿತು, ತಪಾಸಣೆಯ ತಲೆನೋವೂ ತಪ್ಪಿತು. ನನಗೆ ಸಿಕ್ಕಿದ್ದು 1974ರದ್ದು. ಎಲ್18 ನನಗೆ ಸಾಕಷ್ಟಾಯಿತು.

ಲೋಡೈ ಕಡೆ ಒಂದು ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಈ ಗಾಡಿ ನಿಂತಿತ್ತು. ಮಾಲೀಕರು ವಯಸ್ಸಾದವರು. ಕೇಳಿದ್ದು 4,500 ಡಾಲರ್, ನಾನು ಕೊಟ್ಟಿದ್ದು 3,800. ಈ ಕಣಿವೆಯಲ್ಲಿ ಹಿಮ ಬೀಳುವುದಿಲ್ಲ, ರಸ್ತೆಗೆ ಉಪ್ಪು ಸುರಿಯುವುದಿಲ್ಲ. ಅದಕ್ಕೇ ಅಮೆರಿಕದ ಈ ಭಾಗದ ಹಳೆ ಗಾಡಿಗಳಿಗೆ ಬೇಡಿಕೆ ಜಾಸ್ತಿ. ಹಾಗಂತ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ.

ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಒಳಗಿನ ರಬ್ಬರ್ ಮ್ಯಾಟ್ ಎತ್ತಿ. ಮುಂದಿನ ಗಾಜಿನ ಸುತ್ತ ಇರುವ ರಬ್ಬರು ಒಣಗಿ, ಕೆಳಗಿನ ಎರಡು ಮೂಲೆಗಳಲ್ಲಿ ಬಿರುಕು ಬಿಟ್ಟಿರುತ್ತದೆ. ಮಳೆ ನೀರು ಅಲ್ಲಿಂದ ಡ್ಯಾಶ್‌ಬೋರ್ಡ್ ಹಿಂದೆ ಇಳಿದು ಕಾಲಿಡುವ ಜಾಗಕ್ಕೆ ಬರುತ್ತದೆ. ಮ್ಯಾಟಿನ ಅಡಿಯ ನಾರು ಆ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಮೇಲೆ ಎಲ್ಲ ಚೆನ್ನಾಗಿ ಕಾಣುತ್ತದೆ, ಕೆಳಗೆ ತಗಡು ಹಪ್ಪಳದ ಹಾಗೆ ಆಗಿರುತ್ತದೆ. ಆಮೇಲೆ ಕ್ಯಾಬಿನ್ನಿನ ಹಿಂದಿನ ಕೆಳ ಮೂಲೆಗಳು, ಮುಂದಿನ ಮಡ್‌ಗಾರ್ಡಿನ ಕೆಳತುದಿ, ಕ್ಯಾಬಿನ್ನಿಗೂ ಬೆಡ್ಡಿಗೂ ನಡುವಿನ ಸಂದು. ಅಲ್ಲಿ ಎಲೆ, ಮಣ್ಣು ಸೇರಿಕೊಂಡು ಹಸಿಯಾಗಿ ಉಳಿಯುತ್ತವೆ. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಅಂಟಿದರೆ ತಗಡು, ಅಂಟದಿದ್ದರೆ ಬಣ್ಣದ ಅಡಿಯಲ್ಲಿ ದಪ್ಪಗೆ ಪುಟ್ಟಿ ಇದೆ ಅಂತ ಅರ್ಥ. ನಾನು ಗಾಡಿಯ ಸುತ್ತ ಹೀಗೆ ಒತ್ತಿ ಒತ್ತಿ ನೋಡುವಾಗ ಆ ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. ಮುಚ್ಚಿಡಲು ಏನೂ ಇಲ್ಲದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಗಾಡಿಯಲ್ಲಿ ಡ್ರೈವರ್ ಕಡೆಯ ಫ್ಲೋರ್ ಮಾತ್ರ ಹೋಗಿತ್ತು. ಅಂಗೈ ಅಗಲದ ಎರಡು ತೂತು. ಉಳಿದದ್ದೆಲ್ಲ ಗಟ್ಟಿ. ಇಷ್ಟಾದರೆ ಕೊಳ್ಳಬಹುದು ಅಂತ ಅಲ್ಲೇ ತೀರ್ಮಾನಿಸಿದೆ.

ಕಾಗದಪತ್ರದ ವಿಷಯವನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಗಾಡಿ ಓಡಿಸದೆ ನಿಲ್ಲಿಸುವುದಾದರೆ, ಓಡಿಸುವುದಿಲ್ಲ ಅಂತ ಡಿಎಂವಿಗೆ (ನಮ್ಮ ಆರ್‌ಟಿಒ ಥರದ ಕಚೇರಿ) ಬರೆದುಕೊಟ್ಟು ಸಣ್ಣ ಶುಲ್ಕ ಕಟ್ಟಬೇಕು. ಕಟ್ಟದೆ ಸುಮ್ನೆ ಬಿಟ್ಟರೆ ಬಾಕಿ, ದಂಡ ಎಲ್ಲ ಸೇರಿಕೊಂಡು ಬೆಳೆಯುತ್ತಾ ಹೋಗುತ್ತದೆ. ಕೊಂಡವರ ಹೆಸರಿಗೆ ಮಾಡಿಸುವಾಗ ಅದು ಎದುರಿಗೆ ಬರುತ್ತದೆ. ದುಡ್ಡು ಕೊಡುವ ಮೊದಲೇ ಬಾಕಿ ಎಷ್ಟಿದೆ ಅಂತ ವಿಚಾರಿಸಿ. ಮಾಲೀಕತ್ವದ ಪತ್ರ ಇಲ್ಲದ ಗಾಡಿ, ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ಫ್ಲೋರ್ ಕೆಲಸವನ್ನು ನಾನೇ ಮಾಡಿದೆ. ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಸಂಜೆ ಹೊತ್ತು ವೆಲ್ಡಿಂಗ್ ಕಲಿಸುತ್ತಾರೆ. ಇಲ್ಲಿನ ನಿವಾಸಿಗಳಿಗೆ ಫೀಸು ಯೂನಿಟ್ಟಿಗೆ 46 ಡಾಲರ್. ಮನೆ ಕೆಲಸ, ಆಫೀಸು ಮುಗಿಸಿ ಹೋಗಿ ಕಲಿಯಬಹುದು. ಹೆಂಗಸರೂ ಬರುತ್ತಾರೆ, ಸಂಕೋಚ ಬೇಡ. ಕೊಳೆತ ತಗಡನ್ನು ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ ತೆಗೆಯಬೇಕು. ಇಲ್ಲೇ ಎಲ್ಲರಿಗೂ ಕೈ ಹಿಂಜರಿಯುತ್ತದೆ, ತೂತು ದೊಡ್ಡದಾಗುತ್ತಿದೆಯಲ್ಲ ಅಂತ. ತೆಳು ತಗಡಿಗೆ ಬೆಸುಗೆ ಹಾಕಬೇಕೆಂದರೆ ವೆಲ್ಡಿಂಗ್ ಉದ್ದಕ್ಕೆ ಎಳೆಯಬಾರದು. ಒಂದು ಚುಕ್ಕೆ ಈ ಮೂಲೆಗೆ, ಮುಂದಿನದು ಎದುರು ಮೂಲೆಗೆ, ಆಮೇಲೆ ನಡುವೆ. ಪ್ರತಿ ಚುಕ್ಕೆಯೂ ಕೆಂಪಿನಿಂದ ಕಪ್ಪಿಗೆ ತಿರುಗಿ ತಣ್ಣಗಾಗುವವರೆಗೆ ಕಾಯಬೇಕು. ಇಲ್ಲದಿದ್ದರೆ ತಗಡು ಕಾವಿಗೆ ಉಬ್ಬಿ ಡೊಂಕಾಗುತ್ತದೆ. ಚುಕ್ಕೆಗಳೆಲ್ಲ ಕೂಡಿಕೊಂಡು ಗೆರೆಯಾದ ಮೇಲೆ ಗ್ರೈಂಡ್ ಮಾಡಿ, ಪ್ರೈಮರ್ ಹೊಡೆದು, ಸಂದುಗಳಿಗೆ ಸೀಲರ್ ತುಂಬಿದೆ. ಗಾಡಿಯ ಅಡಿಯಲ್ಲಿ ಮಲಗಿ, "ರೀ, ಟಾರ್ಚು ಸ್ವಲ್ಪ ಎಡಕ್ಕೆ ಹಿಡೀರಿ" ಅಂದರೆ, ನಮ್ಮ ಮನೆಯವರು ತೂತಿನ ಮೇಲಿಂದ ಬೆಳಕು ಬಿಡುತ್ತಿದ್ದರು. ಮೊದಮೊದಲು "ಇದಕ್ಕೆಲ್ಲ ದುಡ್ಡು ಹಾಕಬೇಕಾ" ಅನ್ನುತ್ತಿದ್ದ ಅವರು ಈಗ ಹಾರ್ಡ್‌ವೇರ್ ಅಂಗಡಿಗೆ ಇದರಲ್ಲೇ ಹೋಗುತ್ತಾರೆ.

ಇನ್ನು ಎಂಜಿನ್. ಎಲ್ ಸರಣಿಯ ಈ ಎಂಜಿನ್‌ಗಳ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ತಲೆಯ ಮೇಲೊಂದು ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ), ಅದನ್ನು ತಿರುಗಿಸಲು ಚೈನು. ಡಾಟ್ಸನ್ 510 ಕಾರಿನಲ್ಲಿ ಇದ್ದದ್ದೂ ಇದೇ ಕುಟುಂಬದ ಎಂಜಿನ್ನು, 240 ಝಡ್ ಸ್ಪೋರ್ಟ್ಸ್ ಕಾರಿನಲ್ಲಿ ಇದರ ಆರು ಸಿಲಿಂಡರಿನ ಅಣ್ಣ. ಅದರಿಂದಾಗಿ ಗ್ಯಾಸ್ಕೆಟ್, ವಾಟರ್ ಪಂಪ್, ಚೈನ್ ಸೆಟ್ ಇವತ್ತಿಗೂ ಹೊಸದಾಗಿ ಸಿಗುತ್ತವೆ.

ನನ್ನದರಲ್ಲಿ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ತೆಳು ಪದರ) ಹೋಗಿತ್ತು. ಹೆಡ್ ಬಿಚ್ಚುವವರು ಒಂದು ವಿಷಯ ಮರೆಯಬಾರದು. ಚೈನನ್ನು ಒಂದು ಟೆನ್ಷನರ್ ಬದಿಯಿಂದ ಒತ್ತಿ ಹಿಡಿದಿರುತ್ತದೆ. ಕ್ಯಾಮ್ ತುದಿಯ ಹಲ್ಲುಚಕ್ರ ಕಳಚಿದ ಕೂಡಲೇ ಚೈನ್ ಸಡಿಲವಾಗುತ್ತದೆ, ಟೆನ್ಷನರ್‌ನ ಒಳಗಿನ ತುಂಡು ಹೊರಗೆ ಚಿಮ್ಮುತ್ತದೆ. ಅದನ್ನು ಮತ್ತೆ ಕೂರಿಸಬೇಕೆಂದರೆ ಮುಂದಿನ ಟೈಮಿಂಗ್ ಕವರ್ ಪೂರ್ತಿ ಬಿಚ್ಚಬೇಕು. ಅದಕ್ಕೇ ಮೊದಲೇ ಮರದ ಒಂದು ಉದ್ದನೆಯ ಬೆಣೆ ಮಾಡಿಕೊಂಡು, ಚೈನಿನ ಎರಡು ಎಳೆಗಳ ನಡುವೆ ಮೇಲಿನಿಂದ ಬಿಗಿಯಾಗಿ ಇಳಿಸಬೇಕು. ಬೆಣೆಗೆ ಒಂದು ದಾರ ಕಟ್ಟಿರಿ, ಆಮೇಲೆ ಎಳೆದು ತೆಗೆಯಲು. ಬೆಣೆ ನೆಟ್ಟಗೆ ಕೂತರೆ ಉಳಿದದ್ದು ತಾಳ್ಮೆಯ ಕೆಲಸ ಅಷ್ಟೇ.

ಟಪ್ಪೆಟ್ ಸೆಟ್ ಮಾಡುವುದು, ಅಂದರೆ ವಾಲ್ವುಗಳ ಸಂದನ್ನು ಅಳೆದು ಸರಿಪಡಿಸುವುದು, ನನಗೆ ಈ ಗಾಡಿಯಲ್ಲಿ ಅತಿ ಇಷ್ಟದ ಕೆಲಸ. ಎಂಜಿನ್ ತಣ್ಣಗಿದ್ದಾಗ ಇಂಟೇಕಿಗೆ 0.20 ಮಿಲಿಮೀಟರ್, ಎಕ್ಸಾಸ್ಟಿಗೆ 0.25. ಬಿಸಿ ಇದ್ದಾಗ 0.25 ಮತ್ತು 0.30. ಫೀಲರ್ ಗೇಜಿನ ಪಟ್ಟಿ ತೂರಿಸಿ ಎಳೆದರೆ ಬೆರಳಿಗೆ ಒಂಚೂರು ಹಿಡಿತ ಸಿಗಬೇಕು, ಸಿಕ್ಕಿಹಾಕಿಕೊಳ್ಳಬಾರದು. ಎಲ್ಲ ವಾಲ್ವು ಸರಿ ಮಾಡಿ ಸ್ಟಾರ್ಟ್ ಮಾಡಿದರೆ ಟಕಟಕ ಸದ್ದು ಕಡಿಮೆಯಾಗಿರುವುದು ಕಿವಿಗೇ ಗೊತ್ತಾಗುತ್ತದೆ. ಕಂಪ್ಯೂಟರ್ ಬೇಡ, ಎರರ್ ಕೋಡ್ ಬೇಡ.

ಸರಿಯಾದ ಹೊತ್ತಿಗೆ ಕಿಡಿ ಹಾರಿಸುವ ಇಗ್ನಿಷನ್ ಪಾಯಿಂಟು ಸವೆಯುತ್ತದೆ, ಆಗಾಗ ನೋಡಿಕೊಳ್ಳಬೇಕು. ಬೇಡ ಅನ್ನುವವರು ಎಲೆಕ್ಟ್ರಾನಿಕ್ ಹಾಕಿಸಿಕೊಳ್ಳಬಹುದು. ಇಲ್ಲಿನ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು ಅದಕ್ಕೆ ತಡೆಯುವುದಿಲ್ಲ, ಮೆತ್ತಗಾಗಿ ಒಸರುತ್ತದೆ. ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ಎಲ್ಲ ಪೈಪು ಬದಲಾಯಿಸುವವರೆಗೆ ರಸ್ತೆಗೆ ಇಳಿಸಬೇಡಿ. ಇದು ಬೆಂಕಿಯ ವಿಷಯ.

ಬಣ್ಣದ ಬಗ್ಗೆ ನನಗೆ ಸಮಾಧಾನ ಇಲ್ಲ. ಊರಿನ ಒಂದು ಪೇಂಟ್ ಅಂಗಡಿಯವರು ಗಾಜು ತೆಗೆದು ಬಣ್ಣ ಹೊಡೆಯುತ್ತೇವೆ ಅಂತ ಒಪ್ಪಿಕೊಂಡು, ಕೊನೆಗೆ ರಬ್ಬರಿನ ಸುತ್ತ ಟೇಪು ಅಂಟಿಸಿ ಹೊಡೆದರು. ನೀರು ಇಳಿಯುವುದೇ ಆ ರಬ್ಬರಿನ ಅಡಿಯಿಂದ! ತುಕ್ಕು ಅಲ್ಲೇ ಉಳಿಯಿತು. ಕೊನೆಗೆ ಗಾಜು ತೆಗೆಸಿ, ಚಡಿಯನ್ನು ಉಜ್ಜಿ, ಹೊಸ ರಬ್ಬರ್ ಹಾಕಿಸಿದ್ದು ಬೇರೆಯವರ ಹತ್ತಿರ. ಹಳೆ ಗಾಡಿಗೆ ಬಣ್ಣ ಹೊಡೆಸುವವರು ಗಾಜು ಹೊರಗೆ ಬಂತೇ ಅಂತ ಹೋಗಿ ಕಣ್ಣಾರೆ ನೋಡಿ, ಆಮೇಲೆ ಮುಂದಿನ ಕಂತು ಕೊಡಿ.

ಗಾಡಿಯ ದೊಡ್ಡ ಕೊರತೆ ಬ್ರೇಕು. 1978ಕ್ಕೆ ಮೊದಲಿನ 620ಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್. 78ರಲ್ಲಿ ಮುಂದಕ್ಕೆ ಡಿಸ್ಕ್ ಬಂತು. ಡ್ರಮ್ ಅಂದರೆ ಕೆಟ್ಟದ್ದು ಅಂತಲ್ಲ, ಸರಿಯಾಗಿ ಇಟ್ಟುಕೊಳ್ಳಬೇಕು. ಒಳಗಿನ ಬ್ರೇಕ್ ಶೂ ಡ್ರಮ್ಮಿಗೆ ತಾಗುವಷ್ಟು ಬಿಗಿ ಮಾಡಿ, ಚಕ್ರ ಸಲೀಸಾಗಿ ತಿರುಗುವಷ್ಟು ಮತ್ತೆ ಸಡಿಲ ಬಿಡಬೇಕು. ಎಡ ಬಲ ಒಂದೇ ಸಮ ಇರಬೇಕು. ಹೆಚ್ಚುಕಡಿಮೆಯಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ನಾನು ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ರಬ್ಬರ್ ಪೈಪು ಎಲ್ಲ ಹೊಸದು ಹಾಕಿಸಿದೆ. ಇದರಲ್ಲಿ ಉಳಿತಾಯ ಮಾಡಬೇಡಿ. ಹಾಗಿದ್ದರೂ ಬೆಟ್ಟದ ಮೇಲಿನ ಟಾಹೋ ಸರೋವರದ ಕಡೆಯಿಂದ ಹೈವೇ 50ರಲ್ಲಿ ಇಳಿಯುವಾಗ ಬ್ರೇಕನ್ನೇ ನಂಬಿದರೆ ಡ್ರಮ್ ಕಾದು ಹಿಡಿತ ಬಿಡುತ್ತದೆ. ಗೇರ್ ಇಳಿಸಿ, ಎಂಜಿನ್ ಹಿಡಿತದಲ್ಲೇ ಇಳಿಯಬೇಕು. ನಮ್ಮ ಚಾರ್ಮಾಡಿ, ಶಿರಾಡಿಯಲ್ಲಿ ಲಾರಿಯವರು ಇಳಿಯುವುದು ಹಾಗೇ ಅಲ್ವಾ?

ಓಡಿಸುವುದಕ್ಕೆ ಹೇಗಿದೆ? ಊರೊಳಗೆ ಸುಖ. ತೂಕ ಒಂದು ಟನ್ನಿನ ಆಸುಪಾಸು, ಹಗುರ. ಸುತ್ತಲೂ ಗಾಜು, ನಾಲ್ಕೂ ಮೂಲೆ ಕಾಣುತ್ತದೆ. ಖಾಲಿ ಇದ್ದಾಗ ಹಿಂದಿನ ಲೀಫ್ ಸ್ಪ್ರಿಂಗ್ ಕುಪ್ಪಳಿಸುತ್ತದೆ, ನಾಲ್ಕು ಚೀಲ ಗೊಬ್ಬರ ಹಾಕಿದರೆ ಸುಮ್ಮನಾಗುತ್ತದೆ. ಮುಂದಿನ ಕಿಂಗ್‌ಪಿನ್ನುಗಳಿಗೆ (ಚಕ್ರ ಎಡಬಲಕ್ಕೆ ತಿರುಗುವ ಕೀಲುಗಳು) ತಪ್ಪದೆ ಗ್ರೀಸ್ ಹೊಡೆಯಿರಿ, ಸ್ಟೀರಿಂಗ್ ಹಗುರವಾಗಿ ಇರುತ್ತದೆ. ನಾಲ್ಕು ಗೇರಿನ ಗಾಡಿ, ಫ್ರೀವೇಯಲ್ಲಿ ಗಂಟೆಗೆ 65 ಮೈಲಿ ಹೋದರೆ ಎಂಜಿನ್ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಎಸಿ ಇಲ್ಲ. ಸ್ಯಾಕ್ರಮೆಂಟೊದ ಜುಲೈ ಬಿಸಿಲಿನಲ್ಲಿ ಮಧ್ಯಾಹ್ನ ಹೊರಡದಿರುವುದು ಒಳ್ಳೆಯದು. ಏರ್‌ಬ್ಯಾಗ್ ಅನ್ನುವುದು ಇದರಲ್ಲಿ ಇಲ್ಲವೇ ಇಲ್ಲ. ಚಿಕ್ಕ ಮಕ್ಕಳನ್ನು ಇದರಲ್ಲಿ ಕೂರಿಸಿಕೊಂಡು ಫ್ರೀವೇಗೆ ಹೋಗಬೇಡಿ ಅಂತಲೇ ನನ್ನ ಸಲಹೆ. ರಾಜ್ಯೋತ್ಸವದ ದಿನ ಕೊಳಗಗಳನ್ನು ಇಳಿಸುವಾಗ ಕೂಟದ ಹುಡುಗರು "ಆಂಟಿ, ಒಂದು ರೌಂಡ್ ಕೊಡಿ" ಅಂತಾರೆ. ಪಾರ್ಕಿಂಗ್ ಲಾಟಿನಲ್ಲಿ ಕೊಡುತ್ತೇನೆ. ಚೋಕು, ಕ್ಲಚ್ಚು ಅಂದರೆ ಏನು ಅಂತ ಅವರಿಗೂ ತಿಳಿಯಲಿ.

ಖರ್ಚು ಹೇಳಬೇಕೆಂದರೆ, ಕೊಂಡ ಬೆಲೆಯಷ್ಟೇ ಮತ್ತೆ ರಿಪೇರಿಗೆ ಹೋಗಿದೆ, ಅದರಲ್ಲಿ ಅರ್ಧದಷ್ಟು ಬಣ್ಣ ಮತ್ತು ಗಾಜಿಗೆ. ಕೂಲಿ ಕೊಟ್ಟು ಎಲ್ಲ ಮಾಡಿಸಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು. ಎಂಜಿನ್ ಸಾಮಾನು ಅಗ್ಗ, ಸುಲಭ. ಬಾಗಿಲ ರಬ್ಬರು, ಗ್ರಿಲ್, ಬಂಪರ್, ಒಳಗಿನ ನಾಬುಗಳು ಸಿಗುವುದು ಕಷ್ಟ. ಹಾಗಾಗಿ ಎರಡು ಗಾಡಿಗಳ ನಡುವೆ ಆಯ್ಕೆ ಬಂದರೆ, ಓಡುವ ಎಂಜಿನ್ ಇದ್ದು ಬಿಡಿಭಾಗ ಕಳೆದುಕೊಂಡದ್ದನ್ನು ಬಿಡಿ, ಎಂಜಿನ್ ನಿಂತಿದ್ದರೂ ಎಲ್ಲ ಭಾಗ ಮೈಮೇಲೆ ಇರುವುದನ್ನು ತನ್ನಿ.

ವಾರಕ್ಕೊಮ್ಮೆ ಗೊಬ್ಬರ, ಹಲಗೆ, ನರ್ಸರಿ ಅಂತ ಊರೊಳಗೆ ಓಡಾಡುವವರಿಗೆ 72ರಿಂದ 75ರ ನಡುವಿನದು ಸರಿ. ದಿನಾ ಫ್ರೀವೇಯಲ್ಲಿ ಕೆಲಸಕ್ಕೆ ಹೋಗಬೇಕು ಅನ್ನುವವರು ಹೊಗೆ ತಪಾಸಣೆಯ ಕಷ್ಟವನ್ನು ಒಪ್ಪಿಕೊಂಡು 78 ಅಥವಾ 79ರ ಡಿಸ್ಕ್ ಬ್ರೇಕಿನ ಗಾಡಿ ಹುಡುಕಿ. ಕಾಲು ಉದ್ದ ಇರುವವರಿಗೆ 1977ರಿಂದ ಬಂದ ಕಿಂಗ್ ಕ್ಯಾಬ್ ಇದೆ, ಸೀಟಿನ ಹಿಂದೆ ಒಂದಿಷ್ಟು ಜಾಗ ಸಿಗುತ್ತದೆ. ಕೊಳ್ಳುವ ಮೊದಲು ಒಳಗೆ ಕೂತು ಕ್ಲಚ್ ಪೂರ್ತಿ ಒತ್ತಿ ನೋಡಿ. ಮೊಣಕಾಲು ಸ್ಟೀರಿಂಗಿಗೆ ತಾಗಿದರೆ ಸಾಮಾನ್ಯ ಕ್ಯಾಬ್ ನಿಮಗೆ ಹೊಂದುವುದಿಲ್ಲ.