ಹಾಸಿಗೆಗೆ ಟೇಪ್ ಎಡ್ಜ್ ಮೆಷಿನ್ ತಗೊಳ್ಳುವವರೇ, ದುಡ್ಡು ಕೊಡುವ ಮೊದಲು ಹೆಡ್ ನೋಡಿ

ಹಾಸಿಗೆ ಯೂನಿಟ್ ಹಾಕಬೇಕು ಅಂತ ಮೆಷಿನ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟೇಪ್ ಎಡ್ಜ್ ಮೆಷಿನ್ ಅಂದರೆ ಹಾಸಿಗೆಯ ಅಂಚಿಗೆ ಸುತ್ತಲೂ ಟೇಪ್ ಹಾಕಿ ಹೊಲಿಯುವ ಮೆಷಿನ್. ಅದರಲ್ಲಿ ಸೂಜಿ ಇರುವ, ಹೊಲಿಯುವ ಭಾಗವೇ ಹೆಡ್. ಶರ್ಟ್ ಹೊಲಿಯುವ ಹಳೇ ಹೆಡ್‌ಗೆ ಬಣ್ಣ ಬಳಿದು, ಟೇಬಲ್ ಪಕ್ಕ ಓರೆಯಾಗಿ ಕೂರಿಸಿ, ಟೇಪ್ ಎಡ್ಜ್ ಮೆಷಿನ್ ಅಂತ ಮಾರುತ್ತಿದ್ದಾರೆ. ನಮಗೆ ಮಾರಿದ್ದಾರೆ. ಬೆಂಗಳೂರಿನ ಅಂಗಡಿ. ದೂರು ಕೊಟ್ಟಿದ್ದೇವೆ, ಅದು ಇನ್ನೂ ನಡೀತಿದೆ, ಅದಕ್ಕೇ ಹೆಸರು ಹಾಕುತ್ತಿಲ್ಲ.

ನಮ್ಮದು ತಿಪಟೂರು ಕಡೆ. ನಾರಿನ ಹಾಸಿಗೆ, ಫೋಮ್ ಹಾಸಿಗೆ ಮಾಡುತ್ತೇವೆ. ಮೊದಲು ಬೇರೆಯವರ ಹತ್ತಿರ ಕೂಲಿಗಿದ್ದಾಗ ಅಂಚನ್ನೆಲ್ಲ ದಬ್ಬಳದಲ್ಲಿ ಕೈಯಲ್ಲೇ ಹೊಲಿಯುತ್ತಿದ್ದೆವು. ಬೆರಳು ಕಿತ್ತು ಬರುತ್ತಿತ್ತು. ಸ್ವಂತದ್ದು ಶುರು ಮಾಡುವಾಗ ಪಿಎಂಇಜಿಪಿ (ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಯೋಜನೆ) ಸಾಲ ಆಯಿತು. ಆ ಸಾಲದಲ್ಲಿ ಹೇಗೆ ಅಂತ ನಿಮಗೆ ಗೊತ್ತಲ್ವಾ, ಕೊಟೇಶನ್ ಕೊಟ್ಟರೆ ಬ್ಯಾಂಕಿನಿಂದ ದುಡ್ಡು ನೇರ ಅಂಗಡಿಯವನ ಖಾತೆಗೆ ಹೋಗುತ್ತದೆ. ನಮ್ಮ ಕೈಗೆ ಬರುವುದು ಮೆಷಿನ್ ಮಾತ್ರ. ಈ ವ್ಯವಸ್ಥೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಯಲ್ಲಿ ಡೆಮೊ ಕೊಟ್ಟ. ತೆಳು ಫೋಮ್ ತುಂಡು, ಎರಡು ಪದರ ಬಟ್ಟೆ, ಅದರ ಮೇಲೆ ಟೇಪ್. ನೇರಕ್ಕೆ ಒಂದು ಗೇಣು ಹೊಲಿದು ತೋರಿಸಿದ. ಚೆನ್ನಾಗಿಯೇ ಬಂತು. "ಮೂಲೆ ತಿರುಗಿಸಿ ತೋರಿಸಿ" ಅಂದೆ. "ಮೂಲೆ ಎಲ್ಲ ಆಪರೇಟರ್ ಕೈಚಳಕ ಸಾರ್, ನಮ್ಮ ಹುಡುಗ ಬಂದು ಕಲಿಸಿಕೊಡ್ತಾನೆ" ಅಂದ. ಆ ಹುಡುಗ ಇವತ್ತಿನವರೆಗೂ ಬಂದಿಲ್ಲ.

ಮೆಷಿನ್ ಬಂತು. ಆರಿಂಚಿನ ನಾರಿನ ಹಾಸಿಗೆ ಇಟ್ಟೆವು. ಮೇಲೆ ಕ್ವಿಲ್ಟ್ ಮಾಡಿದ ಬಟ್ಟೆ, ಪಕ್ಕದಲ್ಲಿ ಬಾರ್ಡರ್, ಎರಡನ್ನೂ ಸೇರಿಸಿ ಸುತ್ತುವ ಟೇಪ್. ಇಷ್ಟು ದಪ್ಪ ಅದರ ಪಾದದಡಿ ನುಗ್ಗುವುದೇ ಇಲ್ಲ! ಒತ್ತಿ ನುಗ್ಗಿಸಿದರೆ ಹೊಲಿಗೆ ಬಿಡುತ್ತದೆ. ಸೂಜಿ ಪಟ್ ಅಂತ ಮುರಿಯುತ್ತದೆ. ಮೇಲಿನ ಬಟ್ಟೆ ಹಿಂದೆ ಉಳಿದು ಕೆಳಗಿನದು ಮುಂದೆ ಓಡುತ್ತದೆ, ಸುತ್ತು ಮುಗಿಯುವ ಹೊತ್ತಿಗೆ ಮೇಲೆ ಅಂಗೈ ಅಗಲ ಬಟ್ಟೆ ಮಿಕ್ಕಿರುತ್ತದೆ. ಮೂಲೆಯಲ್ಲಿ ಟೇಪ್ ಮುದುರಿ ಗಂಟು. ಆರಡಿ ಐದಡಿ ಹಾಸಿಗೆಗೆ ಮೇಲಂಚು ಕೆಳಂಚು ಸೇರಿ 44 ಅಡಿ ಹೊಲಿಗೆ. ನಡುವೆ ಬಾಬಿನ್ (ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ) ಖಾಲಿ! ಅಲ್ಲಿ ನಿಲ್ಲಿಸಿ, ಜೋಡಿಸಿ, ಮತ್ತೆ ಶುರು ಮಾಡಬೇಕು. ಆ ಜೋಡಣೆಯೇ ಮೊದಲು ಬಿಚ್ಚಿಕೊಳ್ಳುವುದು.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇದನ್ನೇ ಹೇಳುತ್ತಾರೆ.

"ದಾರ ಚೇಂಜ್ ಮಾಡಿ ಸಾರ್." ಮಾಡಿದೆವು.
"ಸೂಜಿ ದಪ್ಪದ್ದು ಹಾಕಿ." ಹಾಕಿದೆವು, ಅದೂ ಮುರಿಯಿತು.
"ನಿಮ್ಮ ನಾರು ಗಟ್ಟಿ ಜಾಸ್ತಿ." ಹಾಸಿಗೆ ಮೆಷಿನ್ ಅಂತ ಮಾರಿ ಹಾಸಿಗೆಯೇ ಗಟ್ಟಿ ಅಂದರೆ ಏನು ಹೇಳೋಣ?
"ನಿಮ್ಮ ಹುಡುಗರಿಗೆ ಓಡಿಸೋಕೆ ಬರಲ್ಲ." ಓಡಿಸುತ್ತಿದ್ದವಳು ನನ್ನ ಹೆಂಡತಿ. ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ಹೊಲಿದವಳು. ಪಕ್ಕದಲ್ಲೇ ನಿಂತು ಸ್ಪೀಕರ್‌ನಲ್ಲಿ ಕೇಳಿಸಿಕೊಂಡಳು. ಒಂದು ಮಾತೂ ಆಡಲಿಲ್ಲ.

ಕೊನೆಗೆ ತುಮಕೂರಿನಿಂದ ವಯಸ್ಸಾದ ಒಬ್ಬ ಮೆಕ್ಯಾನಿಕ್ ಕರೆಸಿದೆವು. ಅವರು ಮೆಷಿನ್ ಆನ್ ಕೂಡ ಮಾಡಲಿಲ್ಲ. ಸೂಜಿ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡರು. "ಅಣ್ಣ, ಇದು ಡಿಬಿ ಒಂದು. ಶರ್ಟ್ ಹೊಲಿಯೋ ಸೂಜಿ" ಅಂದರು. ಆಮೇಲೆ ಹೆಡ್ ಮೇಲಿದ್ದ ಹೊಳೆಯುವ ಸ್ಟಿಕ್ಕರನ್ನು ಉಗುರಿನಲ್ಲಿ ಎಬ್ಬಿಸಿದರು. ಅಡಿಯಲ್ಲಿ ಎರಡು ರಿವೆಟ್ ತೂತು. ಕಂಪನಿ ಪ್ಲೇಟ್ ಕಿತ್ತು ಹಾಕಿದ ಜಾಗ. ಬಿಳೀ ಬಣ್ಣ ಕೆರೆದರೆ ಒಳಗೆ ಹಳೇ ಹಸಿರು ಬಣ್ಣ. ಊರಿನ ನಾಲ್ಕು ಜನ ನಿಂತು ನೋಡುತ್ತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ. ಹೊಸ ಮೆಷಿನ್ ಅಂತ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದೆವು ಅದಕ್ಕೆ.

ಮೆಷಿನ್ ಎಣ್ಣೆಯನ್ನೂ ಸೋರುತ್ತಿತ್ತು, ಯಾಕೆ ಅಂತ ಆಗ ಗೊತ್ತಾಯಿತು. ಈ ಜಾತಿಯ ಹೆಡ್ ಸಮನಾಗಿ ಕೂತು, ಕೆಳಗಿನ ಟ್ರೇಯಿಂದ ಪಂಪ್ ಎಣ್ಣೆ ಎತ್ತಿಕೊಂಡು ಓಡಬೇಕು. ಓರೆ ಮಾಡಿದರೆ ಒಳಗೆ ಎಣ್ಣೆ ಹೋಗಲ್ಲ, ಕೈಯಲ್ಲಿ ಹಾಕಿದ್ದು ಹೊರಗೆ ಹರಿಯುತ್ತದೆ. ಅದಕ್ಕೇ ಹೆಡ್ ಕಾದು ಕೆಂಡ, ಹಾಸಿಗೆ ಬಟ್ಟೆ ತುಂಬ ಕಪ್ಪು ಕಲೆ. ಮದುವೆ ಮನೆಗೆ ಅಂತ ಹೇಳಿಸಿಕೊಂಡಿದ್ದ ಹಾಸಿಗೆ ಅದು. ಹುಡುಗಿಯ ತಂದೆ ಬಂದು ನೋಡಿ ವಾಪಸ್ ಹೋದರು.

ನಿಜವಾದ ಟೇಪ್ ಎಡ್ಜ್ ಹೆಡ್ ಸಾಮಾನ್ಯವಾಗಿ ಚೈನ್ ಸ್ಟಿಚ್, ಅಂದರೆ ಸರಪಳಿ ಹೊಲಿಗೆ. ಕೆಳಗೆ ದಾರಕ್ಕೆ ಕುಣಿಕೆ ಹಾಕುವ ಲೂಪರ್ ಇರುತ್ತದೆ, ಬಾಬಿನ್ ಇರಲ್ಲ, ದೊಡ್ಡ ದಾರದ ಕೋನ್‌ನಿಂದಲೇ ದಾರ ಬರುತ್ತದೆ, ನಡುವೆ ಖಾಲಿ ಆಗುವ ಮಾತೇ ಇಲ್ಲ. ಸಿಂಗರ್ 300 ಅಂತ ಹಳಬರು ಹೇಳುವುದು ಈ ಜಾತಿಯನ್ನೇ. ಇನ್ನು ಹಿಡಿಕೆ, ಜಿಪ್ ಕವರ್ ಹೊಲಿಯಲು ವಾಕಿಂಗ್ ಫುಟ್ ಮೆಷಿನ್ ಬೇಕು. ಅದರಲ್ಲಿ ಮೇಲಿನ ಪಾದವೂ ಬಟ್ಟೆಯನ್ನು ಎಳೆಯುತ್ತದೆ, ಅದಕ್ಕೇ ಪದರ ಜಾರಲ್ಲ. ಅದಕ್ಕೆ ಬರುವ ಡಿಪಿ 17 ಸೂಜಿ ಡಿಬಿ ಒಂದಕ್ಕಿಂತ ಉದ್ದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತದೆ.

ಇದನ್ನೆಲ್ಲ ಹೇಳಿ ಮತ್ತೆ ಫೋನ್ ಮಾಡಿದರೆ ಅವನ ಮಾತೇ ಬದಲಾಯಿತು. "ಬಿಲ್‌ನಲ್ಲಿ ಏನಿದೆ ನೋಡಿ ಸಾರ್." ನೋಡಿದೆ. ಕೊಟೇಶನ್‌ನಲ್ಲಿ ಟೇಪ್ ಎಡ್ಜ್ ಮೆಷಿನ್, ಬಿಲ್‌ನಲ್ಲಿ ಬರೀ ಇಂಡಸ್ಟ್ರಿಯಲ್ ಹೊಲಿಗೆ ಮೆಷಿನ್, ಸ್ಟ್ಯಾಂಡ್ ಮೋಟಾರ್ ಸಮೇತ. ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. "ವಾರಂಟಿ ಮೋಟಾರ್‌ಗೆ ಮಾತ್ರ. ಬ್ಯಾಂಕ್ ದುಡ್ಡು ಬಂದಾಯ್ತಲ್ಲ, ಇನ್ನೇನು?" ಇದು ಅವನ ಬಾಯಿಂದಲೇ ಬಂದ ಮಾತು. ಬ್ಯಾಂಕ್ ದುಡ್ಡು ಅಂದರೆ ಯಾರದ್ದು? ಕಂತು ಕಟ್ಟುವುದು ನಾನು! ಸಬ್ಸಿಡಿ 3 ವರ್ಷ ಬ್ಯಾಂಕಿನಲ್ಲೇ ಡೆಪಾಸಿಟ್ ಆಗಿರುತ್ತದೆ, ಅಷ್ಟು ದಿನವೂ ಯೂನಿಟ್ ನಡೆಯಬೇಕು. ಮೆಷಿನ್ನೇ ಸರಿ ಇಲ್ಲದಿದ್ದರೆ ಏನು ನಡೆಸುವುದು?

ಹೋಗುವಾಗ ನಿಮ್ಮದೇ ಹಾಸಿಗೆ, ನಿಮ್ಮದೇ ಟೇಪ್ ಗಾಡಿಯಲ್ಲಿ ಹಾಕಿಕೊಂಡು ಹೋಗಿ. ನಾಲ್ಕೂ ಮೂಲೆ ಹೊಲಿಸಿ. ಹೆಡ್‌ನ ಪ್ಲೇಟ್ ಫೋಟೋ ತೆಗೆಯಿರಿ. ಕೊಟೇಶನ್‌ನಲ್ಲೇ ಮಾಡೆಲ್, ಸೀರಿಯಲ್ ನಂಬರ್ ಬರೆಸಿ, ಬಿಲ್‌ನಲ್ಲೂ ಅದೇ ಇರಲಿ. ಬರೆಯಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. "ಬ್ಯಾಂಕಿಗೆ ಇಷ್ಟೇ ಸಾಕು ಸಾರ್" ಅನ್ನುತ್ತಾರೆ. ಬ್ಯಾಂಕಿಗೆ ಸಾಕು, ನಿಮಗೆ ಸಾಲದು.

ಈಗಾಗಲೇ ಸಿಕ್ಕಿಕೊಂಡಿದ್ದರೆ ಸುಮ್ನೆ ಕೂರಬೇಡಿ. ವ್ಯಾಪಾರಕ್ಕೆ ತಗೊಂಡ ಮೆಷಿನ್‌ಗೆ ಗ್ರಾಹಕ ದೂರು ನಡೆಯಲ್ಲ ಅಂತ ಅವನು ಹೆದರಿಸಿದ. ಆದರೆ ಸ್ವಂತ ದುಡಿಮೆಯಿಂದ ಜೀವನ ಮಾಡುವುದಕ್ಕೇ ತಗೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವೂ ಗ್ರಾಹಕರೇ. ಸಹಾಯವಾಣಿ 1915. ನಾವು ಅಲ್ಲಿಗೇ ಮೊದಲು ಫೋನ್ ಮಾಡಿದ್ದು. ಕೊಟೇಶನ್, ಬಿಲ್, ರಿವೆಟ್ ತೂತಿನ ಫೋಟೋ, ಅವನ ವಾಟ್ಸಾಪ್ ಮೆಸೇಜ್ ಎಲ್ಲ ತೆಗೆದಿಟ್ಟಿದ್ದೇವೆ. ಬ್ಯಾಂಕ್ ಮ್ಯಾನೇಜರ್‌ಗೂ ಬರೆದುಕೊಟ್ಟಿದ್ದೇವೆ. ಮೊನ್ನೆ ಅವನೇ ಫೋನ್ ಮಾಡಿ "ದೂರು ವಾಪಸ್ ತಗೊಳ್ಳಿ, ಅರ್ಧ ದುಡ್ಡು ಕೊಡ್ತೀನಿ" ಅಂದ. ಪೂರ್ತಿ ದುಡ್ಡು ಬರುವವರೆಗೆ ವಾಪಸ್ ತಗೊಳ್ಳಲ್ಲ.